ಕ್ಲಚ್ ಬಿಚ್ಚಿದ ಭಾನುವಾರ

ಬೈಕಿನ ಭಾಗಗಳಲ್ಲಿ ಒಮ್ಮೆಲೇ ಕೈಕೊಡುವವು ಕೆಲವು, ದಿನಾ ಚೂರುಚೂರೇ ಕೈಕೊಡುವವು ಕೆಲವು. ಹೆಡ್‌ಲೈಟಿನ ಬಲ್ಬು ಮೊದಲ ಜಾತಿ, ಕ್ಲಚ್ ಎರಡನೆಯದು. ಚೂರುಚೂರೇ ಕೆಡುವುದಕ್ಕೆ ನಾವು ಒಗ್ಗಿಹೋಗುತ್ತೇವೆ. ಅದಕ್ಕೇ ಕ್ಲಚ್ ಪ್ಲೇಟು ಸವೆದಿರುವುದು ಮಾಲೀಕನಿಗಿಂತ ಮೊದಲು, ಅರ್ಧ ದಿನಕ್ಕೆಂದು ಗಾಡಿ ಕೇಳಿ ಒಯ್ದ ಸ್ನೇಹಿತನಿಗೆ ಗೊತ್ತಾಗುತ್ತದೆ.

*

ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ: ಪ್ಲೇಟು ಜಾರುತ್ತಿದೆ. ಕ್ಲಚ್ ಲಿವರ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಜಗ್ಗುತ್ತದೆ: ಪ್ಲೇಟು ಬಿಡುತ್ತಿಲ್ಲ. ಹಿಡಿಯಬೇಕಾದಾಗ ಹಿಡಿಯದಿರುವುದು, ಬಿಡಬೇಕಾದಾಗ ಬಿಡದಿರುವುದು. ಕ್ಲಚ್ಚಿನ ಕಾಯಿಲೆಗಳಲ್ಲಿ ಮುಖ್ಯವಾದವು ಇವೆರಡೇ. ಮನುಷ್ಯರ ಪಟ್ಟಿಯೂ ಇದಕ್ಕಿಂತ ಬಹಳ ಉದ್ದವಿರಲಾರದು.

*

ಬೈಕಿಗೆ ಕ್ಲಚ್ ಬೇಕಾದದ್ದು ಪೆಟ್ರೋಲ್ ಎಂಜಿನ್ನಿನ ಒಂದು ದೌರ್ಬಲ್ಯದಿಂದ. ಅದಕ್ಕೆ ತಿರುಗುತ್ತಿದ್ದರೆ ಮಾತ್ರ ಬಲ. ಚಕ್ರದ ಜೊತೆ ನಿಂತರೆ ಅದೂ ಸತ್ತುಹೋಗುತ್ತದೆ. ಚಕ್ರ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು. ಈ ಎರಡು ಹಟಗಳ ನಡುವೆ ಸಂಧಾನಕ್ಕೆ ಕೂತವನು ಸವೆಯದೆ ಇನ್ನೇನಾಗುತ್ತಾನೆ?

*

ನಡುದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾದರೂ ಗಾಡಿ ಮನೆ ಸೇರುತ್ತದೆ. ತಳ್ಳಿ, ಗೇರಿಗೆ ಹಾಕಿ, ವೇಗ ಹೊಂದಿಸಿ ಗೇರು ಬದಲಿಸುತ್ತ, ಸಿಗ್ನಲ್ಲಿನ ಹಸಿರಿಗೆ ಹರಕೆ ಹೊರುತ್ತ ಬಂದವರು ಬೇಕಾದಷ್ಟು ಜನ. ಆಗ ತಿಳಿಯುವುದಿಷ್ಟು: ಕ್ಲಚ್ ಬೇಕಾಗಿರುವುದು ಓಡುವುದಕ್ಕಲ್ಲ, ನಿಂತು ಮತ್ತೆ ಹೊರಡುವುದಕ್ಕೆ.

*

ಸಮತಟ್ಟಾದ ರಸ್ತೆಯಲ್ಲಿ ಸವೆದ ಕ್ಲಚ್ಚೂ ಮರ್ಯಾದೆಯಿಂದಲೇ ನಡೆದುಕೊಳ್ಳುತ್ತದೆ. ಚಾರ್ಮಾಡಿ ಘಾಟಿಯ ಏರು, ಹಿಂದೆ ಒಬ್ಬರು, ಟ್ಯಾಂಕಿನ ಮೇಲೊಂದು ಚೀಲ. ಆಗ ಬಯಲಾಗುತ್ತದೆ ಬಣ್ಣ.

*

ಘಾಟಿ ಕ್ಲಚ್ಚನ್ನು ಪರೀಕ್ಷಿಸುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಅದನ್ನು ತಿನ್ನುತ್ತದೆ. ಹಾಫ್ ಕ್ಲಚ್ಚಿನಲ್ಲಿ ಇಂಚಿಂಚೇ ಸರಿದ ದೂರ ಮೀಟರಿನಲ್ಲಿ ಏರುವುದು ಕಡಿಮೆ, ಪ್ಲೇಟಿನಲ್ಲಿ ಇಳಿಯುವುದು ಹೆಚ್ಚು.

*

ಲಿವರಿನ ಮೇಲೆ ಸುಮ್ಮನೆ ಇಟ್ಟ ಎರಡು ಬೆರಳು ಸುಮ್ಮನಿರುವುದಿಲ್ಲ. ಸ್ಪ್ರಿಂಗಿನ ಹಿಡಿತವನ್ನು ಅಷ್ಟಷ್ಟೇ ಸಡಿಲಿಸುತ್ತಿರುತ್ತವೆ. ಕ್ಲಚ್ ಪ್ಲೇಟು ಬೇಗ ಹೋಯಿತೆಂದು ಕಂಪನಿಯನ್ನು ಬೈಯುವ ಮೊದಲು ಗಾಡಿ ಓಡಿಸುವಾಗ ನಮ್ಮ ಎಡಗೈ ಎಲ್ಲಿರುತ್ತದೆಂದು ನೋಡಿಕೊಳ್ಳುವುದು ಒಳ್ಳೆಯದು.

*

ನಮ್ಮಲ್ಲಿ ಓಡುವ ಬಹಳಷ್ಟು ಬೈಕುಗಳ ಕೈಪಿಡಿ ಹೇಳುವುದು ಇಷ್ಟೇ: ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಪ್ಲೇ, ಅಂದರೆ ಸಡಿಲ, ಇರಲಿ. ಪ್ಲೇ ಇಲ್ಲದಿದ್ದರೆ ಪ್ಲೇಟು ಜಾರುತ್ತದೆ, ಹೆಚ್ಚಾದರೆ ಬಿಡುವುದಿಲ್ಲ. ಸಡಿಲವಾಗಿರುವುದೆಲ್ಲ ಕೆಟ್ಟಿದೆ ಎಂದುಕೊಂಡು ಬಿಗಿ ಮಾಡಿದವನು ಚೆನ್ನಾಗಿದ್ದ ಕ್ಲಚ್ಚನ್ನು ಕೈಯಾರೆ ಸುಡುತ್ತಾನೆ.

*

ಪ್ಲೇಟು ಸವೆದಂತೆಲ್ಲ ಲಿವರಿನ ಪ್ಲೇ ತಾನಾಗಿಯೇ ಕಡಿಮೆಯಾಗುತ್ತದೆ. ಪ್ಲೇ ಮುಗಿದ ಮೇಲೆ ಪ್ಲೇಟು ಜಾರತೊಡಗುತ್ತದೆ, ಜಾರಿದ್ದರಿಂದ ಇನ್ನಷ್ಟು ಸವೆಯುತ್ತದೆ. ಅಡ್ಜಸ್ಟರಿನ ನಟ್ಟನ್ನು ಸಕಾಲಕ್ಕೆ ಎರಡು ಸುತ್ತು ತಿರುಗಿಸದ ಸೋಮಾರಿತನವೇ ಮುಂದೆ ಇಡೀ ಭಾನುವಾರವನ್ನು ಕೇಳುತ್ತದೆ.

*

ಕ್ಲಚ್ ಕೆಟ್ಟಿತೆಂದು ಬಿಚ್ಚಿದ ಎಷ್ಟೋ ಎಂಜಿನ್ನುಗಳಿಗೆ ಬೇಕಿದ್ದದ್ದು ಒಂದು ಹೊಸ ಕೇಬಲ್. ಒಳಗಿನ ತಂತಿಯ ಎಳೆಗಳು ಒಂದೊಂದಾಗಿ ಕಡಿಯುವುದು ನಿಪ್ಪಲಿನ ಬಳಿ, ಲಿವರಿನೊಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ. ಕೈಗೆಟುಕುವ ಕೇಬಲ್ಲನ್ನು ನೋಡದೆ ಆಳದಲ್ಲಿರುವ ಪ್ಲೇಟನ್ನು ಶಂಕಿಸುವುದು ಹೊಸಬರ ಉತ್ಸಾಹ.

*

ದೂರದ ಊರಿಗೆ ಹೊರಟ ಬುಲೆಟ್ ಸವಾರರು ಕೆಲವರು ಹಳೆಯ ಕ್ಲಚ್ ಕೇಬಲ್ಲಿನ ಪಕ್ಕದಲ್ಲೇ ಹೊಸದೊಂದನ್ನು ಎಳೆದು ಟೇಪು ಸುತ್ತಿಕೊಂಡಿರುತ್ತಾರೆ. ಅದು ಅಪನಂಬಿಕೆಯಲ್ಲ. ತುಂಡಾಗುವುದು ಖಚಿತ, ಎಲ್ಲಿ ಎಂಬುದಷ್ಟೇ ಅನಿಶ್ಚಿತ ಎಂಬ ತಿಳಿವಳಿಕೆ.

*

ಘರ್ಷಣೆಯಿಂದಲೇ ಕೆಲಸ ಮಾಡಬೇಕಾದ ಪ್ಲೇಟುಗಳನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟ ತಲೆ ಯಾರದ್ದು? ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಎಂಜಿನಿಯರ್ ಹೀಲ್-ಷಾ ಹಲವು ಪ್ಲೇಟುಗಳ, ಎಣ್ಣೆಯಲ್ಲಿ ಓಡುವ ಕ್ಲಚ್ಚನ್ನು ರೂಪಿಸಿದ್ದ. ಎಣ್ಣೆ ಬಿಸಿಯನ್ನು ಒಯ್ಯುತ್ತದೆ, ಸ್ಪ್ರಿಂಗು ಹಿಡಿತವನ್ನು ಕೊಡುತ್ತದೆ. ಒಂದು ದೊಡ್ಡ ಪ್ಲೇಟಿಗೆ ಜಾಗವಿಲ್ಲದ ಕಡೆ ಹಲವು ಸಣ್ಣ ಪ್ಲೇಟುಗಳು ಸೇರಿ ಆ ಕೆಲಸ ಮಾಡುತ್ತವೆ. ಇಂದಿಗೂ ನಮ್ಮ ಬಹುಪಾಲು ಬೈಕುಗಳು ಓಡುತ್ತಿರುವುದು ಇದೇ ಯುಕ್ತಿಯ ಮೇಲೆ.

*

ದುಬಾರಿ ಎಣ್ಣೆಯೇ ಒಳ್ಳೆಯ ಎಣ್ಣೆ ಎಂಬ ನಮ್ಮ ನಂಬಿಕೆ ಕ್ಲಚ್ಚಿಗೆ ಗೊತ್ತಿಲ್ಲ. ಕಾರಿನ ಎಂಜಿನ್ ಹಗುರವಾಗಿ ತಿರುಗಲೆಂದು ಅದರ ಎಣ್ಣೆಗೆ ಜಾರಿಕೆ ಹೆಚ್ಚಿಸುವ ವಸ್ತುಗಳನ್ನು ಬೆರೆಸಿರಬಹುದು; ಬೈಕಿನ ಕ್ಲಚ್ಚಿಗೆ ಅದೇ ಶತ್ರು. ಡಬ್ಬಿಯ ಹಿಂದೆ ಜಾಸೊ ಮಾನದಂಡದ ಗುರುತು ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿನ ಪಾಲು. ಡಬ್ಬಿಯ ಮುಂಭಾಗ ಮಾರುವವನದ್ದು, ಹಿಂಭಾಗ ಕೊಳ್ಳುವವನದ್ದು.

*

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಗಾಡಿಗಳಲ್ಲಿ ಒಂದೇ ಲಿವರಿಗೆ ಎರಡು ಕೆಲಸ: ಎಬ್ಬಿಸಿದರೆ ಕಿಕ್ಕರ್, ಮಲಗಿಸಿದರೆ ಗೇರು. ಗೇರು ತುಳಿದರೆ ಕ್ಲಚ್ ತಾನೇ ಬಿಡುವ ಏರ್ಪಾಡೂ ಇತ್ತು. ಸವಾರನಿಗೆ ಎಷ್ಟು ಸುಲಭವೋ ಬಿಚ್ಚಿ ಕೂತವನಿಗೆ ಅಷ್ಟೇ ಕಷ್ಟ. ಕೈಯ ಲಿವರನ್ನು ಹೊಂದಿಸಿದರೆ ಸಾಲದು, ಕಾಲಿನದ್ದನ್ನೂ ನೋಡಬೇಕು.

*

ಆ ಕಾರ್ಖಾನೆ ಮುಚ್ಚಿ ಕಾಲು ಶತಮಾನ ದಾಟಿದ ಮೇಲೂ ಅದರ ಗಾಡಿಗಳು ರಸ್ತೆಯಲ್ಲಿವೆ. ತಯಾರಿಸಿದವರು ಗಾಡಿಗೆ ಹುಟ್ಟು ಕೊಡುತ್ತಾರೆ. ಆಯುಸ್ಸು ಕೊಡುವವರು ಬೀದಿಬದಿಯ ಮೆಕ್ಯಾನಿಕ್‌ಗಳು.

*

ಕ್ಲಚ್ಚನ್ನು ಮನೆಯಲ್ಲೇ ಬಿಚ್ಚಿದರೆ ದುಡ್ಡು ಉಳಿಯುತ್ತದೆ ಎನ್ನುವುದು ಮನೆಯವರಿಗೆ ಹೇಳುವ ಕಾರಣ. ಇಷ್ಟು ವರ್ಷ ಕಾಲಡಿಯಲ್ಲೇ ತಿರುಗುತ್ತಿದ್ದದ್ದು ಏನೆಂದು ಕಣ್ಣಾರೆ ನೋಡಬೇಕೆಂಬ ಆಸೆ ನಿಜವಾದ ಕಾರಣ. ದುಡ್ಡಿನ ಆಸೆಯಿಂದ ಬಿಚ್ಚಿದವನು ಮಧ್ಯಾಹ್ನದ ಹೊತ್ತಿಗೆ ಸೋಲುತ್ತಾನೆ. ನೋಡುವ ಆಸೆಯಿಂದ ಬಿಚ್ಚಿದವನು ಸಂಜೆಯವರೆಗೆ ತಡೆದುಕೊಳ್ಳುತ್ತಾನೆ.

*

ವಿಡಿಯೊದಲ್ಲಿ ಕ್ಲಚ್ ಪ್ಲೇಟು ಬದಲಿಸುವುದು ಹತ್ತು ನಿಮಿಷದ ಕೆಲಸ. ವಿಡಿಯೊ ಮಾಡಿದವರು ಕತ್ತರಿಸಿ ತೆಗೆದ ಭಾಗವೇ ನಮ್ಮ ಭಾನುವಾರ.

*

ಪ್ಲೇಟು ಬದಲಿಸುವುದು ನಿಜಕ್ಕೂ ಸಣ್ಣ ಕೆಲಸ. ಅದಕ್ಕಿಂತ ಮೊದಲು ಫುಟ್‌ರೆಸ್ಟು, ಬ್ರೇಕ್ ಪೆಡಲು, ಕಿಕ್ಕರು, ಕವರಿನ ಬೋಲ್ಟುಗಳು, ಅಂಟಿಕೊಂಡ ಪ್ಯಾಕಿಂಗು. ಆಮೇಲೆ ಇವೇ ಎಲ್ಲ ಹಿಂದುಮುಂದಾಗಿ. ಕ್ಲಚ್ ರಿಪೇರಿ ಎಂದು ನಾವು ಕರೆಯುವುದರಲ್ಲಿ ಕ್ಲಚ್ಚಿನ ಪಾಲು ಬಹಳ ಕಡಿಮೆ, ದಾರಿ ಬಿಡಿಸುವ ಪಾಲೇ ಹೆಚ್ಚು. ತಾಳ್ಮೆ ಕೆಡುವುದೂ ದಾರಿಯಲ್ಲೇ.

*

ಅನುಭವಸ್ಥರ ಒಂದು ಉಪಾಯ: ಕ್ಲಚ್ ಬಲಗಡೆ ಇರುವ ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ಚೆನ್ನಾಗಿ ವಾಲಿಸಿ ನಿಲ್ಲಿಸಿದರೆ ಎಣ್ಣೆ ಆ ಕಡೆ ಸರಿಯುತ್ತದೆ, ಎಣ್ಣೆಯನ್ನು ಇಳಿಸದೆಯೇ ಕವರ್ ತೆಗೆಯಬಹುದು. ಯಂತ್ರದ ವಿದ್ಯೆ ಅರ್ಧ, ಭೂಮಿಯ ಸೆಳೆತವನ್ನು ದುಡಿಸಿಕೊಳ್ಳುವ ವಿದ್ಯೆ ಇನ್ನರ್ಧ.

*

1985ರಲ್ಲಿ ಬಂದ ಆರ್‌ಎಕ್ಸ್ 100 ಬೈಕಿನ ಕವರಿನ ಸ್ಕ್ರೂಗಳು ಜಪಾನಿನ ಅಳತೆಯವು. ನೋಡಲು ನಮ್ಮ ಮನೆಯ ಸ್ಟಾರ್ ಸ್ಕ್ರೂಡ್ರೈವರ್ ಅವಕ್ಕೆ ಹೊಂದುತ್ತದೆ, ತಿರುಗಿಸಿದರೆ ಮೇಲಕ್ಕೆ ಜಾರುತ್ತದೆ. ಹೊಂದುವಂತೆ ಕಾಣುವುದಕ್ಕೂ ಹೊಂದುವುದಕ್ಕೂ ಇರುವ ಕೂದಲೆಳೆಯ ಅಂತರದಲ್ಲಿ ಸ್ಕ್ರೂವಿನ ತಲೆ ಹಾರಿಹೋಗುತ್ತದೆ.

*

ಸ್ಕ್ರೂ ಕೆಡುವುದು ತಿರುಗಿಸುವ ಬಲ ಸಾಲದೆ ಅಲ್ಲ, ಒತ್ತುವ ಬಲ ಸಾಲದೆ. ಮೊದಲು ಒತ್ತಬೇಕು, ಆಮೇಲೆ ತಿರುಗಿಸಬೇಕು. ಇಂಪ್ಯಾಕ್ಟ್ ಡ್ರೈವರಿನ ಹಿಂಬದಿಗೆ ಸುತ್ತಿಗೆಯಿಂದ ಹೊಡೆದಾಗ ಎರಡೂ ಒಟ್ಟಿಗೆ ಆಗುತ್ತವೆ. ಆ ಉಪಕರಣ ಮನೆಯಲ್ಲಿ ಇಲ್ಲವೆಂಬುದು ನೆನಪಾಗುವುದು ಮೂರನೇ ಸ್ಕ್ರೂವಿನ ತಲೆ ಹಾಳಾದ ಮೇಲೆ.

*

ಅಮೆರಿಕದ ರಾಬರ್ಟ್ ಪಿರ್ಸಿಗ್ ಕಾಶಿಯಲ್ಲಿ ತತ್ವಶಾಸ್ತ್ರ ಓದಿದವನು. 1974ರಲ್ಲಿ ಪ್ರಕಟವಾದ ಅವನ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಪುಸ್ತಕದಲ್ಲಿ ಬಿಚ್ಚಲಾಗದ ಒಂದು ಸ್ಕ್ರೂವಿಗೆ ಪುಟಗಟ್ಟಲೆ ಜಾಗ ಸಿಕ್ಕಿದೆ. ಆ ಹೊತ್ತಿಗೆ ಆ ಒಂದು ಸ್ಕ್ರೂವಿನ ಬೆಲೆ ಇಡೀ ಗಾಡಿಯ ಬೆಲೆಗೆ ಸಮ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇದೆ. ಸ್ಪೇರ್ ಪಾರ್ಟ್ಸ್ ಅಂಗಡಿಯವನ ಕಿವಿಗೆ ಬೀಳದಿದ್ದರೆ ಸಾಕು.

*

ಕವರಿನ ಬೋಲ್ಟುಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೆಗೆದ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಡುವವನಿಗೆ ಸಂಜೆ ಕೆಲಸ ಸುಲಭ. ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದವನು ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ, ಬಿಗಿಯಾಗಲಿಲ್ಲವೆಂದು ಇನ್ನಷ್ಟು ಬಲ ಹಾಕುತ್ತಾನೆ. ಆಗ ಬರುವ ಸಣ್ಣ ಸದ್ದನ್ನು ಕೇಳಿದವರು ಮರೆಯುವುದಿಲ್ಲ.

*

ಬೋಲ್ಟು ಉಕ್ಕಿನದು, ಕವರ್ ಕೂತಿರುವ ಮೈ ಅಲ್ಯುಮಿನಿಯಮ್ಮಿನದು. ಆರು ಮಿಲಿಮೀಟರಿನ ಬೋಲ್ಟಿಗೆ ಕೈಪಿಡಿಗಳು ಕೇಳುವುದು ಸುಮಾರು 10 ನ್ಯೂಟನ್ ಮೀಟರ್ ಬಿಗಿ ಮಾತ್ರ. ‘ಇನ್ನೊಂದು ಚೂರು’ ಎನ್ನುವ ನಮ್ಮ ಆಸೆಯಿಂದಲೇ ಎಷ್ಟೋ ಲೇತ್ ಅಂಗಡಿಗಳು ಬದುಕಿವೆ.

*

ಬಿಚ್ಚಬೇಕಿಲ್ಲದ್ದನ್ನು ಬಿಚ್ಚದಿರುವುದು ಅರ್ಧ ಕಸುಬು. ಅನೇಕ ಗಾಡಿಗಳಲ್ಲಿ ಸ್ಪ್ರಿಂಗಿನ ಬೋಲ್ಟುಗಳನ್ನು ತೆಗೆದರೆ ಪ್ಲೇಟುಗಳು ಕೈಗೆ ಬರುತ್ತವೆ. ಮಧ್ಯದ ದೊಡ್ಡ ನಟ್ಟನ್ನು ಮುಟ್ಟಬೇಕಾಗಿಯೇ ಇಲ್ಲ. ಆದರೂ ಅದರ ಮೇಲೆ ಉಳಿ-ಸುತ್ತಿಗೆಯ ಗಾಯ ಕಾಣುವ ಎಂಜಿನ್ನುಗಳಿವೆ. ಅವು ಹಿಂದಿನ ಯಾರದೋ ಕುತೂಹಲದ ಗುರುತುಗಳು.

*

ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಸಡಿಲಿಸಬೇಕು. ಒಂದನ್ನೇ ಪೂರ್ತಿ ಬಿಚ್ಚಿದರೆ ಉಳಿದವುಗಳ ಒತ್ತಡವೆಲ್ಲ ಒಂದು ಮಗ್ಗುಲಿಗೆ ಬೀಳುತ್ತದೆ. ಕೂಡುಕುಟುಂಬದಲ್ಲಿ ಪಾಲು ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

*

ಹೊಸ ಪ್ಲೇಟಿಗೂ ಎಸೆಯಬೇಕಾದ ಪ್ಲೇಟಿಗೂ ದಪ್ಪದಲ್ಲಿ ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇರುವುದು ಕಷ್ಟ. ವರ್ಷಗಟ್ಟಲೆ ಓಡಿದ ಊರು, ಹತ್ತಿದ ಘಾಟಿ, ಕಾದ ಸಿಗ್ನಲ್ಲು ಎಲ್ಲವೂ ಆ ಅರ್ಧ ಮಿಲಿಮೀಟರಿನೊಳಗೇ ನಡೆದದ್ದು. ಕಣ್ಣಿಗೆ ಕಂಡದ್ದನ್ನೇ ನಂಬುವವನಿಗೆ ಇಲ್ಲಿ ಕೆಲಸವಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿಯಬೇಕು.

*

ಕ್ಲಚ್ಚಿನೊಳಗೆ ಎರಡು ಬಗೆಯ ಪ್ಲೇಟುಗಳು: ಕಾರ್ಕ್ ಪ್ಲೇಟು ಸವೆದು ಸಾಯುತ್ತದೆ, ಉಕ್ಕಿನ ಪ್ಲೇಟು ಸೊಟ್ಟಗಾಗಿ ಸಾಯುತ್ತದೆ. ಸುಟ್ಟು ನೀಲಿಗಟ್ಟಿದ್ದರೆ ನೋಡಿದೊಡನೆ ತಿಳಿಯುತ್ತದೆ. ಬಾಗಿರುವುದು ತಿಳಿಯಬೇಕಾದರೆ ಗಾಜಿನ ಮೇಲೆ ಮಲಗಿಸಿ, ಅಡಿಯಲ್ಲಿ ಫೀಲರ್ ಗೇಜು ತೂರಿಸಿ ನೋಡಬೇಕು. ಕೈಯಲ್ಲಿ ಎತ್ತಿ ಹಿಡಿದಾಗ ಎಲ್ಲ ಪ್ಲೇಟುಗಳೂ ನೆಟ್ಟಗೇ ಇರುತ್ತವೆ.

*

ಹೊಸ ಪ್ಲೇಟು ಹಾಕಿದರೂ ಕ್ಲಚ್ ಸರಿಯಾಗಿ ಬಿಡುತ್ತಿಲ್ಲವೆಂದರೆ ಅವು ಕೂರುವ ಬುಟ್ಟಿಯಾಕಾರದ ಹೌಸಿಂಗ್ ನೋಡಬೇಕು. ಹಳೆಯ ಪ್ಲೇಟಿನ ಹಲ್ಲುಗಳು ಬಡಿದು ಬಡಿದು ಅದರ ಸಂದುಗಳಲ್ಲಿ ಗುಳಿ ಮಾಡಿರುತ್ತವೆ. ಹೊಸಬರು ಬಂದು ಹಳಬರ ಗುಳಿಯಲ್ಲೇ ಸಿಕ್ಕಿಕೊಳ್ಳುತ್ತಾರೆ. ಆಳನ್ನು ಬದಲಿಸಿ ಜಾಗವನ್ನು ಹಾಗೇ ಬಿಟ್ಟ ಕಚೇರಿಗಳಲ್ಲೂ ಆಗುವುದು ಇಷ್ಟೇ.

*

ಕೆಲವು ಗಾಡಿಗಳಲ್ಲಿ ಪ್ಲೇಟುಗಳನ್ನು ಬಿಡಿಸುವ ಪುಶ್ ರಾಡಿನ ಜೊತೆ ಒಂದು ಸಣ್ಣ ಉಕ್ಕಿನ ಗುಂಡು ಇರುತ್ತದೆ. ಬಿಚ್ಚುವಾಗ ಅದು ಸದ್ದಿಲ್ಲದೆ ಉರುಳುತ್ತದೆ, ಜೋಡಿಸುವಾಗ ಅದರ ನೆನಪಿರುವುದಿಲ್ಲ. ಎಲ್ಲ ಮುಗಿದು ಲಿವರ್ ಹಿಡಿದರೆ ಅದು ಖಾಲಿ ಖಾಲಿ. ಇಡೀ ಕ್ಲಚ್ಚನ್ನು ನಿಷ್ಪ್ರಯೋಜಕ ಮಾಡಲು ಅದರ ಅತಿ ಚಿಕ್ಕ ಭಾಗದ ಗೈರುಹಾಜರಿಯೇ ಸಾಕು.

*

ಹೊಸ ಕಾರ್ಕ್ ಪ್ಲೇಟನ್ನು ಒಣಗಿದ್ದಂತೆಯೇ ಹಾಕಬಾರದು, ಎಂಜಿನ್ ಎಣ್ಣೆಯಲ್ಲಿ ಕೆಲವು ಗಂಟೆ ನೆನೆಸಬೇಕು. ರಾತ್ರಿಯಿಡೀ ನೆನೆಹಾಕುವವರೂ ಇದ್ದಾರೆ. ಇಡೀ ಕೆಲಸದಲ್ಲಿ ಏನೂ ಮಾಡದಿರುವುದೇ ಕೆಲಸವಾಗಿರುವ ಹೊತ್ತು ಇದೊಂದೇ. ಹೆಚ್ಚು ಜನ ತಪ್ಪಿಸುವುದೂ ಇದನ್ನೇ.

*

“ಒರಿಜಿನಲ್ ಕೊಡಲಾ ಸಾರ್, ಚೆನ್ನಾಗಿರೋದು ಕೊಡಲಾ?” ಎಂದು ಕೇಳುವ ಅಂಗಡಿಯವನ ಮುಂದೆ ಎಂಥ ತರ್ಕಶಾಸ್ತ್ರವೂ ಬಾಯಿ ಮುಚ್ಚುತ್ತದೆ.

*

ಕವರಿನಡಿಯ ಪ್ಯಾಕಿಂಗ್ ಎಂದರೆ ಬರೀ ಒಂದು ಹಾಳೆ. ಅದು ಹರಿಯದೆ ಬಂದರೆ ಭಾಗ್ಯ. ಹರಿದು ಅಂಟಿಕೊಂಡರೆ ಬ್ಲೇಡು ಹಿಡಿದು ಕೆರೆಯಬೇಕು. ಕೆರೆಯುವಾಗ ಲೋಹಕ್ಕೆ ಗೀರು ಬಿದ್ದರೆ ಆ ಗೀರಿನಲ್ಲೇ ಮುಂದೆ ಎಣ್ಣೆ ಜಿನುಗುತ್ತದೆ. ‘ಅನಾಬಾಂಡ್ ಹಚ್ಚಿಬಿಡಿ’ ಎನ್ನುವ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ಅತಿಯಾಗಿ ಹಚ್ಚಿದ ಅಂಟು ಒಳಗೂ ಉಬ್ಬಿ, ಕಳಚಿ, ಎಣ್ಣೆಯ ದಾರಿಗೆ ಅಡ್ಡ ಬೀಳಬಹುದೆಂಬುದನ್ನು ಯಾರೂ ಹೇಳುವುದಿಲ್ಲ.

*

ನಮಗೆ ಬಿಡುವು ಭಾನುವಾರ. ಅಂಗಡಿಗೂ ಬಿಡುವು ಭಾನುವಾರವೇ. ಮನೆ ರಿಪೇರಿಯ ಗೋಳಿನಲ್ಲಿ ಅರ್ಧ ಈ ಎರಡು ವಾಕ್ಯಗಳಲ್ಲಿದೆ.

*

ಬಿಚ್ಚಿದ ಬೈಕಿನ ಸುತ್ತ ಸಲಹೆಗಾರರಿಗೆ ಬರವಿಲ್ಲ. ಹಾಲು ತರಲು ಹೊರಟವರು ನಿಲ್ಲುತ್ತಾರೆ, ವಾಕಿಂಗ್ ಮುಗಿಸಿ ಬಂದವರು ನಿಲ್ಲುತ್ತಾರೆ. ಗಾಡಿಗೆ ಏನೇ ಆಗಿರಲಿ, ಒಬ್ಬರಾದರೂ “ಪ್ಲಗ್ ಕ್ಲೀನ್ ಮಾಡಿ ನೋಡಿದ್ರಾ?” ಎಂದು ಕೇಳಿಯೇ ಹೋಗುತ್ತಾರೆ. ಟಾರ್ಚು ಹಿಡಿದು ನಿಲ್ಲುವವರು ಮಾತ್ರ ಯಾರೂ ಸಿಗುವುದಿಲ್ಲ.

*

ಗ್ಯಾರೇಜಿನಲ್ಲಿ ಕೆಟ್ಟರೆ ಬೈಯಲು ಒಬ್ಬನಿದ್ದಾನೆ. ಮನೆಯಲ್ಲಿ ಕೆಟ್ಟರೆ ಆ ಜಾಗ ಖಾಲಿ. ಬೈಗುಳ ಅದಕ್ಕೇ ಸ್ಪ್ಯಾನರಿಗೆ, ವಿಡಿಯೊ ಮಾಡಿದವನಿಗೆ, ಬೆಳಕು ಸಾಲದ ಪಾರ್ಕಿಂಗಿಗೆ ಹಂಚಿಹೋಗುತ್ತದೆ. ಕುಣಿಯಲಾರದವರಿಗೆ ನೆಲ ಡೊಂಕಾಗಿ ಕಂಡದ್ದು ಹೊಸ ಕಥೆಯಲ್ಲ.

*

ಸಿಟ್ಟು ಬಂದಾಗ ಸ್ಪ್ಯಾನರ್ ಕೆಳಗಿಡಿ ಎಂದು ಹೇಳುವುದು ಸುಲಭ. ನಾಳೆ ಬೆಳಿಗ್ಗೆ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಬೇಕಾದವನಿಗೆ ಆ ಮಾತು ಕೇಳಿಸುವುದಿಲ್ಲ. ಇರುವ ಒಂದೇ ಗಾಡಿಯನ್ನು ಬಿಚ್ಚುವವನಿಗೂ ಎರಡನೇ ಗಾಡಿಯನ್ನು ಬಿಚ್ಚುವವನಿಗೂ ತಾಳ್ಮೆಯಲ್ಲಿ ಕಾಣುವ ವ್ಯತ್ಯಾಸ ಸ್ವಭಾವದ್ದಲ್ಲ, ಅನುಕೂಲದ್ದು.

*

ಕೇಬಲ್ಲು, ಎಣ್ಣೆ, ಪ್ಲೇಟು ಮೂರನ್ನೂ ಒಂದೇ ದಿನ ಬದಲಿಸಿದವನ ಗಾಡಿ ಸರಿಹೋಗಬಹುದು. ಆದರೆ ಅದಕ್ಕೆ ಏನಾಗಿತ್ತೆಂದು ಅವನಿಗೆ ಎಂದೂ ತಿಳಿಯುವುದಿಲ್ಲ. ಒಂದೊಂದಾಗಿ ಬದಲಿಸುವುದು ನಿಧಾನ. ಕಲಿಯಬೇಕೆಂದರೆ ಬೇರೆ ದಾರಿಯೂ ಇಲ್ಲ.

*

ಎಲ್ಲ ಮುಗಿದ ಮೇಲೆ ನೆಲದ ಮೇಲೊಂದು ವಾಷರ್ ಉಳಿದರೆ ಗಾಡಿ ಆಗಲೂ ಓಡಬಹುದು. ಓಡಿಸುವವನ ಕಿವಿಗೆ ಮಾತ್ರ ಅಂದಿನಿಂದ ನೆಮ್ಮದಿಯಿಲ್ಲ.

*

ತೆಗೆದ ಹಳೆಯ ಎಣ್ಣೆಯನ್ನು ಮನೆ ಮುಂದಿನ ಚರಂಡಿಗೆ ಸುರಿದವನು ತನ್ನ ಗಾಡಿಯನ್ನು ಸರಿಮಾಡಿ ಊರಿನ ಕೆರೆಯನ್ನು ಕೆಡಿಸಿದ. ಗ್ಯಾರೇಜುಗಳಲ್ಲಿ ಇದಕ್ಕೆಂದೇ ಡ್ರಮ್ಮು ಇರುತ್ತದೆ. ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಕೊಟ್ಟರೆ ಯಾರೂ ಬೇಡವೆನ್ನುವುದಿಲ್ಲ.

*

ಸರಿಯಾಗಿರುವ ಕ್ಲಚ್ ನೆನಪಿಗೇ ಬರುವುದಿಲ್ಲ. ರಿಪೇರಿ ಗೆದ್ದಿತೆನ್ನಲು ಇರುವ ಸಾಕ್ಷಿಯೂ ಅದೇ: ಎರಡು ವಾರ ಕಳೆದರೂ ಆ ಬಗ್ಗೆ ಯೋಚನೆ ಬಂದಿಲ್ಲ. ಹೊಗಳಿಕೆ ಬಯಸುವವರು ಟ್ಯಾಂಕಿಗೆ ಬಣ್ಣ ಹೊಡೆಯುವುದು ವಾಸಿ.

*

ಎಲೆಕ್ಟ್ರಿಕ್ ಸ್ಕೂಟರಿಗೆ ಕ್ಲಚ್ ಲಿವರ್ ಇಲ್ಲ. ಮೋಟರಿಗೆ ನಿಂತಲ್ಲಿಂದಲೇ ಬಲ ಕೊಡಲು ಬರುವುದರಿಂದ ಅದರ ಅಗತ್ಯವೇ ಬಿದ್ದಿಲ್ಲ. ಪ್ಲೇಟು ಸವೆಯುವ ಗೋಳು ಹೋಯಿತು, ಜೊತೆಗೆ ಬಿಚ್ಚಿ ನೋಡುವ ದಾರಿಯೂ ಕಿರಿದಾಯಿತು. ಕಂಟ್ರೋಲರಿನ ಪೆಟ್ಟಿಗೆಯ ಮುಂದೆ ಸ್ಪ್ಯಾನರ್ ಹಿಡಿದು ಕೂತವನಿಗೆ ಅದು ಏನನ್ನೂ ತೋರಿಸುವುದಿಲ್ಲ. ಹಳೆಯ ಯಂತ್ರಗಳು ಕಾಟ ಕೊಟ್ಟವು, ಆದರೆ ಕಾರಣವನ್ನು ಬಚ್ಚಿಡಲಿಲ್ಲ.

*

ಗ್ಯಾರೇಜಿನ ಹಳಬ ಲಿವರನ್ನು ಎರಡು ಸಲ ಹಿಡಿದು ಬಿಟ್ಟು, “ಪ್ಲೇಟಲ್ಲ, ಕೇಬಲ್ಲು” ಎನ್ನುತ್ತಾನೆ. ಆ ಎರಡು ಹಿಡಿತಗಳ ಹಿಂದೆ ಹುಡುಗನಾಗಿದ್ದಾಗಿನಿಂದ ಬಿಚ್ಚಿದ ನೂರಾರು ಕ್ಲಚ್ಚುಗಳಿವೆ. ಅವನ ಮಜೂರಿಯಲ್ಲಿ ಬೋಲ್ಟು ಬಿಚ್ಚಿದ್ದಕ್ಕೆ ಸಲ್ಲುವುದು ಸ್ವಲ್ಪ, ಬಿಚ್ಚದೆ ಬಿಟ್ಟದ್ದಕ್ಕೆ ಸಲ್ಲುವುದೇ ಹೆಚ್ಚು. ಮನೆಯಲ್ಲಿ ಒಮ್ಮೆ ಕ್ಲಚ್ ಬಿಚ್ಚಿದವನು ಆಮೇಲೆ ಅವನ ಹತ್ತಿರ ಚೌಕಾಸಿ ಮಾಡುವುದಿಲ್ಲ.

*

ಕೊನೆಗೊಂದು ಮಾತು, ಬಿಚ್ಚಲೇಬೇಕೆಂದಿರುವವರಿಗೆ: ಮೊದಲು ಲಿವರಿನ ಪ್ಲೇ ನೋಡಿ, ಆಮೇಲೆ ಕೇಬಲ್ಲು, ಆಮೇಲೆ ಎಣ್ಣೆ. ಮೂರೂ ಸರಿಯಿದ್ದರೆ ಮಾತ್ರ ಕವರಿನ ಬೋಲ್ಟಿಗೆ ಕೈಹಾಕಿ. ಪ್ಯಾಕಿಂಗನ್ನು ಶನಿವಾರವೇ ತಂದಿಟ್ಟುಕೊಳ್ಳಿ.